ಕಾಮಣಿ: ಒಂದು ಹೆಸರು, ಎರಡು ಬೇನೆ

ಗಡಿಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಪರಿಸರದಲ್ಲಿ ಕಣ್ಣು ಮತ್ತು ಮೈ ಹಳದಿಗೊಳ್ಳುವ ಬೇನೆಗೆ ಕನ್ನಡಿಗರು ‘ಕಾಮಣಿ’ ಎಂದರೆ ಮರಾಠಿಗರು ‘ಕಾವೀಳ’ ಎನ್ನುತ್ತಾರೆ. ನೆಲನೆಲ್ಲಿಯ ರಸ ಕುಡಿಸುವುದು, ಎಣ್ಣೆ-ಖಾರ ಬಿಡಿಸಿ ಪಥ್ಯ ಹಿಡಿಸುವುದು, ಬರೆ ಹಾಕುವುದು ಇದಕ್ಕೆ ಜನಪದ ವೈದ್ಯದ ಪ್ರಸಿದ್ಧ ಉಪಚಾರಗಳು. ಈ ವೈದ್ಯದ ಮೇಲಿನ ನಂಬಿಕೆ ಸುಮ್ಮನೆ ಹುಟ್ಟಿದ್ದಲ್ಲ. ಕಲುಷಿತ ನೀರಿನ ಮೂಲಕ ಹರಡುವ ವೈರಾಣು ಕಾಮಣಿಯು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಅದರ ಯಶಸ್ಸು ಔಷಧಿಗೆ ಸಲ್ಲುತ್ತದೆ.

ಆದರೆ ಅದೇ ಹೆಸರಿನೊಳಗೆ ಇನ್ನೊಂದು ಬೇನೆ ಅಡಗಿದೆ. ಯಕೃತ್ತು ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ತಯಾರಿಸಿ ನಾಳದ ಮೂಲಕ ಸಣ್ಣ ಕರುಳಿಗೆ ಕಳಿಸುತ್ತದೆ. ಕಬ್ಬಿಗೆ ನೀರು ಹಾಯಿಸುವವರು ಬಲ್ಲಂತೆ, ಕಾಲುವೆ ಕಟ್ಟಿದರೆ ನೀರು ಹಿಂದಕ್ಕೆ ಒತ್ತುತ್ತದೆ. ಹಾಗೆಯೇ ಹರಳು, ನಾಳದ ಕುಗ್ಗುವಿಕೆ ಅಥವಾ ಗಡ್ಡೆಯಿಂದ ನಾಳ ಕಟ್ಟಿದಾಗ ಪಿತ್ತವು ರಕ್ತಕ್ಕೆ ಸೇರುತ್ತದೆ. ಮಲ ಬಿಳಿಚುತ್ತದೆ, ಮೂತ್ರ ಕಪ್ಪು ಚಹದಂತಾಗುತ್ತದೆ, ಮೈ ತುರಿಸುತ್ತದೆ. ಚಳಿಜ್ವರವೂ ಕೂಡಿದರೆ ನಾಳದಲ್ಲಿ ಸೋಂಕು ತಗುಲಿರುವ ಸಂಭವವಿದ್ದು, ತಡಮಾಡಿದರೆ ಪ್ರಾಣಕ್ಕೆ ಅಪಾಯ. ಇಲ್ಲಿ ರಸವಾಗಲಿ ಬರೆಯಾಗಲಿ ದಾರಿ ಬಿಡಿಸಲಾರವು. ಪಿತ್ತವಿಲ್ಲದೆ ಕರುಳು ಕೆ-ಜೀವಸತ್ವವನ್ನು ಸರಿಯಾಗಿ ಹೀರದಿರುವುದರಿಂದ ರಕ್ತ ಹೆಪ್ಪುಗಟ್ಟುವಿಕೆಯೂ ಕುಂದುತ್ತದೆ.

ಆಧುನಿಕ ವೈದ್ಯವು ಮೊದಲು ನೋಡಿ, ಅನಂತರ ಬಿಡಿಸುತ್ತದೆ. ಸೋನೋಗ್ರಾಫಿಯಲ್ಲಿ ಹಿಗ್ಗಿದ ನಾಳಗಳು ಕಾಣುತ್ತವೆ, ಎಂ.ಆರ್.ಐ. ಚಿತ್ರವು ಅಡೆತಡೆಯ ನೆಲೆಯನ್ನು ತೋರಿಸುತ್ತದೆ. ಬಾಯಿಯ ಮೂಲಕ ಇಳಿಸಿದ ಎಂಡೋಸ್ಕೋಪಿನಿಂದ ನಾಳದ ಬಾಯಿ ಕೊಯ್ದು ಹರಳು ತೆಗೆಯುವ ವಿಧಾನವು 1974ರಲ್ಲಿ ಜಪಾನ್ ಹಾಗೂ ಜರ್ಮನಿಯಿಂದ ವರದಿಯಾಯಿತು. ಅಗತ್ಯವಿದ್ದಲ್ಲಿ ನಾಳ ತೆರೆದಿರುವಂತೆ ಸ್ಟೆಂಟ್ ಎಂಬ ಕೊಳವೆಯನ್ನೂ ಇಡುತ್ತಾರೆ. ಎಂಡೋಸ್ಕೋಪಿಗೆ ದಾರಿ ಸಿಗದಿದ್ದರೆ ಸೋನೋಗ್ರಾಫಿ ಮತ್ತು ಎಕ್ಸ್-ರೇ ನೆರವಿನಿಂದ ಚರ್ಮದ ಮೂಲಕ ಯಕೃತ್ತಿನ ನಾಳಕ್ಕೆ ಸೂಜಿ ಹಾಯಿಸಿ, ತಂತಿಯ ಮೇಲೆ ತೆಳುವಾದ ಕೊಳವೆ ಕೂಡಿಸಿ, ಪಿತ್ತವನ್ನು ಹೊರಚೀಲಕ್ಕೆ ಅಥವಾ ಕರುಳಿಗೆ ಹರಿಸುತ್ತಾರೆ. ಅದಕ್ಕೆ ಮುನ್ನ ರಕ್ತ ಹೆಪ್ಪುಗಟ್ಟುವಿಕೆಯನ್ನು ಪರೀಕ್ಷಿಸುತ್ತಾರೆ. ಗಡ್ಡೆಯಿಂದ ನಾಳ ಕಟ್ಟಿದ್ದರೆ ಇದು ಪೂರ್ಣ ಚಿಕಿತ್ಸೆಯಲ್ಲ. ಪಿತ್ತ ಇಳಿದರೂ ಗಡ್ಡೆ ಉಳಿದಿರುತ್ತದೆ. ಆದರೆ ಮುಂದಿನ ಚಿಕಿತ್ಸೆಗೆ ಅವಕಾಶ ದೊರೆಯುತ್ತದೆ.

ಈ ಭಾಗದ ಜನರು ದೊಡ್ಡ ಚಿಕಿತ್ಸೆಗೆ ಬೆಳಗಾವಿ, ಮಿರಜ, ಕೊಲ್ಹಾಪುರಗಳತ್ತ ಹೋಗುತ್ತಾರೆ. ಆ ಪಯಣ ಎಷ್ಟು ಬೇಗ ಆರಂಭವಾಗುತ್ತದೆ ಎಂಬುದೇ ಮುಖ್ಯ. ಆದ್ದರಿಂದ ಜನಪದ ವೈದ್ಯದ ಅಧ್ಯಯನವು ಗಿಡಮೂಲಿಕೆಗಳ ಪಟ್ಟಿಗೆ ನಿಲ್ಲಬಾರದು. ಯಾವ ಲಕ್ಷಣ ಕಂಡಾಗ ‘ಇದು ನನ್ನ ಕೈಯಲ್ಲಿಲ್ಲ’ ಎಂದು ವೈದ್ಯನು ರೋಗಿಯನ್ನು ಮುಂದಕ್ಕೆ ಕಳಿಸುತ್ತಾನೆ ಎಂಬುದನ್ನೂ ದಾಖಲಿಸಬೇಕು. ಕಣ್ಣಿನ ಬಣ್ಣದ ಜೊತೆಗೆ ಮಲದ ಬಣ್ಣವನ್ನೂ ಕೇಳುವ ಒಂದು ರೂಢಿ ಬೆಳೆದರೆ, ಆ ಒಂದು ಪ್ರಶ್ನೆಯೇ ಜೀವ ಉಳಿಸಬಲ್ಲದು.