ಕ್ರೇನ್ ಇಲ್ಲದ ಕಡೆ ಹೆಲಿಕಾಪ್ಟರ್ ರಿಪೇರಿ

ಮೈಸೂರಿನ ಬನ್ನಿಮಂಟಪದ ಕೆಎಸ್‌ಆರ್‌ಟಿಸಿ ಡಿಪೋ ದಾಟಿ ಪಂಜಿನ ಕವಾಯತು ಮೈದಾನದತ್ತ ನಡೆದೆ. ದಾರಿಯಲ್ಲಿ ಕೆಟ್ಟು ನಿಂತ ಬಸ್ಸಿಗೆ ಜಾಕ್ ಕೊಟ್ಟು ಅಲ್ಲೇ ಚಕ್ರ ಬದಲಿಸಬಹುದು. ದಸರೆಯ ವೈಮಾನಿಕ ಪ್ರದರ್ಶನಕ್ಕೆ ಊರೇ ಸೇರುವ ಈ ಬಯಲಲ್ಲಿ ಹೆಲಿಕಾಪ್ಟರ್ ಕೆಟ್ಟರೂ ಅಷ್ಟೇನೂ ಚಿಂತೆಯಿಲ್ಲ. ಕ್ರೇನ್ ಸಿಗುತ್ತದೆ, ಹೆಲಿಕಾಪ್ಟರ್ ತಯಾರಿಸುವ ಬೆಂಗಳೂರಿನ ಎಚ್‌ಎಎಲ್ ದೂರವಲ್ಲ.

ಸಿಯಾಚಿನ್‌ನಲ್ಲಿ ಹಾಗಲ್ಲ. 2018ರ ಜನವರಿಯಲ್ಲಿ ಖಂಡಾ ಎಂಬ ಠಾಣೆಯ ಬಳಿ, ಸುಮಾರು 18,000 ಅಡಿ ಎತ್ತರದಲ್ಲಿ, ಸೇನೆಯ ಧ್ರುವ ಹೆಲಿಕಾಪ್ಟರ್ ಕೆಟ್ಟು ಹಿಮದಲ್ಲಿ ಸಿಕ್ಕಿಬಿತ್ತು. ಬೆಂಗಳೂರಿನಲ್ಲೇ ರೂಪುಗೊಂಡು 1992ರ ಆಗಸ್ಟ್ 20ರಂದು ಮೊದಲು ಹಾರಿದ ಮಾದರಿ ಅದು. ತಂತ್ರಜ್ಞರು ಅಲ್ಲಿಗೇ ಹೋಗಿ ಕೆಟ್ಟ ಭಾಗಗಳನ್ನು ಬದಲಿಸಿದರು. ಜುಲೈನಲ್ಲಿ ಅದು ಹಾರಿಕೊಂಡೇ ಕೆಳಗಿನ ನೆಲೆಗೆ ಬಂತು. ಬನ್ನಿ ಮರದಿಂದ ಇಳಿಸಿದ ಪಾಂಡವರ ಆಯುಧಗಳ ಹಾಗೆ!

ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧ. ನಾಲ್ಕು ಹೆಜ್ಜೆಗೆ ಏದುಸಿರು. ಕೈಗವಸು ತೆಗೆದು ಲೋಹ ಮುಟ್ಟಿದರೆ ಚರ್ಮ ಅಂಟುತ್ತದೆ. ನಟ್ಟೊಂದು ಹಿಮಕ್ಕೆ ಬಿದ್ದರೆ ಅದರ ಕಥೆ ಮುಗಿಯಿತು. ಹಾಗಾಗಿ ಸಡಿಲಿಸಿದರೂ ಮುಚ್ಚಳದಿಂದ ಕಳಚಿ ಬೀಳದ ಸ್ಕ್ರೂ ಬೇಕು. ಎರಡು ಮೂರು ಸ್ಪ್ಯಾನರ್‌ಗಳಲ್ಲೇ ಬಹುಪಾಲು ಕೆಲಸ ಆಗಬೇಕು. ಬೇರೆ ಬೇರೆ ವೈರುಗಳ ಕನೆಕ್ಟರ್‌ಗಳಿಗೆ ಬೇರೆ ಬೇರೆ ಆಕಾರವಿದ್ದರೆ ದಣಿದ ಕೈಯೂ ಅದಲುಬದಲು ಮಾಡಲಾರದು. ಮೇಲಿಂದ ಮೇಲೆ ಕೆಡುವ ಭಾಗವನ್ನು ಕೆಡದ ಭಾಗದ ಹಿಂದೆ ಬಚ್ಚಿಡುವುದಂತೂ ಮೆಕ್ಯಾನಿಕ್‌ಗೆ ಮಾಡುವ ಅನ್ಯಾಯ.

ಧ್ರುವದ ರೋಟರ್‌ನಲ್ಲಿ ರೆಕ್ಕೆಗಳ ಏರಿಳಿತಕ್ಕೆಂದು ಪ್ರತ್ಯೇಕ ಕೀಲುಗಳಿಲ್ಲ. ಆ ಬಾಗು ಬಳುಕನ್ನು ನಾರುಸಂಯುಕ್ತ ವಸ್ತುವೇ ತಾಳಿಕೊಳ್ಳುತ್ತದೆ. ಸವೆಯುವ ಬೇರಿಂಗು, ಗ್ರೀಸು ಹಚ್ಚುವ ಜಾಗ ಎರಡೂ ಕಡಿಮೆ. ಆದರೆ ಆ ರೆಕ್ಕೆಯ ಒಳಗೇ ಬಿರುಕು ಬಿಟ್ಟರೆ ತೇಪೆ ಹಾಕಲು ಅಂಟು ಗಟ್ಟಿಯಾಗುವಷ್ಟು ಬಿಸಿ ಬೇಕು, ಧೂಳಿಲ್ಲದ ಜಾಗ ಬೇಕು. ಹಿಮದ ನಡುವೆ ಅದಾಗದು. ಅಂಥಲ್ಲಿ ರಿಪೇರಿಯ ಯೋಚನೆ ಬಿಟ್ಟು, ಇಡೀ ರೆಕ್ಕೆಯನ್ನೇ ಬೇಗ ಕಳಚಿ ಬೇರೆಯದನ್ನು ಕೂರಿಸುವಂತೆ ಮಾಡುವುದೇ ಸರಿ.

2023ರ ಫೆಬ್ರವರಿ 6ರಂದು ತುಮಕೂರು ಜಿಲ್ಲೆ ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್‌ನ ಹೊಸ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಹಳೆಯ ಚೇತಕ್, ಚೀತಾಗಳ ಜಾಗಕ್ಕೆ ಬರಬೇಕಾದ ಹಗುರ ಹೆಲಿಕಾಪ್ಟರ್‌ಗಳನ್ನು ಮೊದಲು ತಯಾರಿಸಲೆಂದು ಕಟ್ಟಿದ್ದು. ಅಲ್ಲಿ ಯಾವ ಭಾಗದ ನಕ್ಷೆಗೆ ಸಹಿ ಬೀಳುವ ಮೊದಲೂ, ಹಿಮದಲ್ಲಿ ಕೆಲಸ ಮಾಡಿ ಬಂದ ಮೆಕ್ಯಾನಿಕ್ ಒಬ್ಬರು ದಪ್ಪ ಕೈಗವಸು ತೊಟ್ಟು ಅದನ್ನು ಬಿಚ್ಚಿ ಜೋಡಿಸಿ ನೋಡಲಿ. ಅವರ ಕೈಗೆ ಎಟುಕದಿದ್ದರೆ ನಕ್ಷೆ ಮೇಜಿಗೆ ವಾಪಸು ಹೋಗಲಿ.