ಮಂಡಿನೋವಿಗೆ ವಿಶ್ರಾಂತಿಯೇ ಮದ್ದೆ?

ಉತ್ತರ ಕನ್ನಡದ ಜೊಯಿಡಾದಂಥ ಮಲೆನಾಡಿನಲ್ಲಿ ಮಂಡಿ ನೋಯುವವರಿಗೆ ಏರಿಗಿಂತ ಇಳಿಜಾರೇ ಕಷ್ಟ. ಇಳಿಯುವಾಗ ಬಾಗಿದ ಮಂಡಿಯ ಮೇಲೆ ಬೀಳುವ ಮೈಭಾರವನ್ನು ತಡೆದು ಹಿಡಿಯಬೇಕಾದುದು ತೊಡೆಯ ಮುಂಭಾಗದ ಸ್ನಾಯು. ಗದ್ದೆಯಲ್ಲಿ ನಾಟಿ ಮಾಡುವ, ಗೆಡ್ಡೆಗೆಣಸು ಅಗೆಯುವ ಅಲ್ಲಿನ ಕುಣಬಿ ಹೆಣ್ಣುಮಕ್ಕಳಿಗೆ ಮಂಡಿ ಸೋತರೆ ಬದುಕೇ ಸೋತಂತೆ. ಪಟ್ಟಣದ ಅಡುಗೆಮನೆಯ ಈಳಿಗೆಮಣೆಯೂ ಮಂಡಿಗೆ ಕೊಡುವ ತೊಂದರೆ ಇಂಥದೇ.

ಮೂಳೆಗಳ ತುದಿಯನ್ನು ಹೊದೆದ ನುಣುಪಾದ ಮೃದ್ವಸ್ಥಿ ಸವೆದು ಕೀಲು ಬಿಗಿಯುವ ಈ ಸಂಧಿವಾತ 2019ರಲ್ಲಿ ಜಗತ್ತಿನ ಸುಮಾರು 52.8 ಕೋಟಿ ಜನರನ್ನು ಬಾಧಿಸುತ್ತಿತ್ತೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. “ಸವೆದ ಕಾಲು, ಸುಮ್ಮನೆ ಕುಳಿತಿರಮ್ಮ” ಎನ್ನುತ್ತಾರೆ ಮನೆಯವರು. ಅಕ್ಕರೆಯ ಮಾತೇ ಆದರೂ ಅದರಿಂದ ಕೆಡುಕೇ ಹೆಚ್ಚು. ಕಾಲು ಸುಮ್ಮನಿದ್ದಷ್ಟೂ ತೊಡೆಯ ಸ್ನಾಯು ಸೊರಗಿ, ಭಾರವೆಲ್ಲ ಕೀಲಿನ ಪಾಲಾಗುತ್ತದೆ. ನೋವು ಹೆಚ್ಚಿ ಮತ್ತೆ ಹಾಸಿಗೆ.

ಅದಕ್ಕೆಂದೇ ವೈದ್ಯರು ವ್ಯಾಯಾಮ ಹೇಳುವುದು. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ಮೆಲ್ಲನೆ ನೀಳವಾಗಿ ಚಾಚಿ, 5 ಎಣಿಸುವವರೆಗೆ ಹಿಡಿದು, ಅಷ್ಟೇ ಮೆಲ್ಲನೆ ಇಳಿಸಬೇಕು. ಪ್ರತಿ ಕಾಲಿಗೂ 10 ಸಲ. ತುಸು ನೋವಾದರೆ ಅಂಜಬೇಕಿಲ್ಲ. ಮರುದಿನವೂ ನೋವು, ಬಾವು ಉಳಿದರೆ ಪ್ರಮಾಣ ತಗ್ಗಿಸಬೇಕು. ಮಂಡಿ ಕೆಂಪಾಗಿ, ಬಿಸಿಯಾಗಿ ಊದಿದರೆ ಮೊದಲು ವೈದ್ಯರನ್ನು ಕಾಣುವುದೇ ಲೇಸು. ಸವೆದ ಮೃದ್ವಸ್ಥಿ ಇದರಿಂದ ಮರಳಿ ಬೆಳೆಯದು. ಆದರೆ ಕೆಲವು ವಾರ ಬಿಡದೆ ಮಾಡಿದವರಲ್ಲಿ ಬಹುಮಂದಿಗೆ ನೋವು ತಗ್ಗಿ ನಡಿಗೆ ಸುಧಾರಿಸುತ್ತದೆ.

ಊರುಗೋಲನ್ನು ನೋಯುವ ಕಾಲಿನ ಕಡೆಗೇ ಹಿಡಿಯುವವರುಂಟು. ಅದು ಇನ್ನೊಂದು ಕೈಯಲ್ಲಿರಬೇಕು. ಮೆಟ್ಟಿಲೇರುವಾಗ ಗಟ್ಟಿ ಕಾಲು ಮುಂದೆ, ಇಳಿಯುವಾಗ ನೋಯುವ ಕಾಲು ಮುಂದೆ.