ಜೋರಿನ ಮೋಸಕ್ಕೊಂದು ಅಳತೆಗೋಲು

1915ರಿಂದಾಚೆಗೆ ಥಾಮಸ್ ಎಡಿಸನ್ ಅವರ ಕಂಪನಿ ಅಮೆರಿಕದ ಊರೂರಿನ ಸಭಾಂಗಣಗಳಲ್ಲಿ ಒಂದು ಪ್ರದರ್ಶನ ನಡೆಸುತ್ತಿತ್ತು. ವೇದಿಕೆಯ ಮೇಲೆ ಡೈಮಂಡ್ ಡಿಸ್ಕ್ ಫೋನೋಗ್ರಾಫ್, ಪಕ್ಕದಲ್ಲೊಬ್ಬ ಗಾಯಕಿ. ತಟ್ಟೆಯೊಂದಿಗೆ ಹಾಡುತ್ತಲೇ ಆಕೆ ನಡುನಡುವೆ ಬಾಯಿ ಮುಚ್ಚುವುದು, ಯಾವುದು ಯಂತ್ರ, ಯಾವುದು ಕಂಠ ಎಂದು ಸಭಿಕರು ಊಹಿಸುವುದು. ಎಷ್ಟೋ ಮಂದಿ ಬೇಸ್ತು ಬಿದ್ದರು. ಹಾಗೆ ಹಾಡಿದ್ದವರಲ್ಲಿ ಒಬ್ಬರಾದ ಆನಾ ಕೇಸ್ 1972ರಲ್ಲಿ ಗುಟ್ಟು ಬಿಟ್ಟುಕೊಟ್ಟರು: ಯಂತ್ರಕ್ಕಿಂತ ಜೋರಾಗದಂತೆ ದನಿ ತಗ್ಗಿಸಿ, ಅದರ ಗುಣಕ್ಕೇ ಹೊಂದಿಸಿಕೊಂಡು ಹಾಡುತ್ತಿದ್ದರಂತೆ!

ದನಿಯ ಮಟ್ಟ ಸಮವಾಗದೆ ಹೋಲಿಕೆ ನಿಲ್ಲುವುದಿಲ್ಲವೆಂದು ಎಡಿಸನ್ ಕಡೆಯವರಿಗೆ ಅನುಭವದಿಂದ ಗೊತ್ತಿತ್ತು. ಕಾರಣ ಸಿಕ್ಕಿದ್ದು 1933ರಲ್ಲಿ. ಬೆಲ್ ಲ್ಯಾಬ್ಸ್‌ನ ಹಾರ್ವಿ ಫ್ಲೆಚರ್ ಮತ್ತು ಮನ್ಸನ್, ಕೇಳುಗರ ಕಿವಿಗೆ ಹೆಡ್‌ಫೋನ್ ಹಾಕಿ, ಬೇರೆ ಬೇರೆ ಸ್ವರಗಳನ್ನು 1000 ಹರ್ಟ್ಸ್ ಸ್ವರದೊಂದಿಗೆ ತೂಗಿಸಿದರು. ಮೆಲ್ಲಗೆ ನುಡಿಸಿದಾಗ ತಗ್ಗಿನ ಸ್ವರಗಳು ಸೊರಗುತ್ತವೆ, ವಾಲ್ಯೂಮ್ ಏರಿದಂತೆ ಅವು ಮೈದುಂಬುತ್ತವೆ. ಹೀಗಾಗಿ ಕೂದಲೆಳೆಯಷ್ಟು ಜೋರಾದ ಆಂಪ್ಲಿಫೈಯರ್ ಕೇಳಿದವನು ‘ಇದು ಜೋರು’ ಎನ್ನುವುದಿಲ್ಲ, ‘ಇದರ ಬೇಸ್ ಚೆನ್ನಾಗಿದೆ’ ಎನ್ನುತ್ತಾನೆ. ಹೀಗೆ ಹೋಲಿಸಿ ತೋರಿಸುವ ಅಂಗಡಿಯವನು ಮೋಸಗಾರನೇ ಆಗಬೇಕಿಲ್ಲ. ನಾಬ್ ಇದ್ದಲ್ಲೇ ಇದ್ದರೂ, ಸಂವೇದನಾಶೀಲತೆ, ಅಂದರೆ ಅಷ್ಟೇ ವಿದ್ಯುತ್ತಿಗೆ ಹೊಮ್ಮಿಸುವ ದನಿ, 3 ಡೆಸಿಬಲ್ ಹೆಚ್ಚಿರುವ ಸ್ಪೀಕರ್ ತಾನಾಗಿಯೇ ಗೆದ್ದುಬಿಡುತ್ತದೆ.

1982ರಲ್ಲಿ ಅಮೆರಿಕದ ಡೇವಿಡ್ ಕ್ಲಾರ್ಕ್ ಇಂಥ ಹೋಲಿಕೆಗೆ ಬಳಸುವ ‘ಎಬಿಎಕ್ಸ್’ ಪೆಟ್ಟಿಗೆಯನ್ನು ವಿವರಿಸಿ ಪ್ರಬಂಧ ಬರೆದರು. ‘ಎಕ್ಸ್’ ಎಂಬುದು ‘ಎ’ಯೋ ‘ಬಿ’ಯೋ ಎಂದು ಕೇಳುಗ ಹೇಳಬೇಕು, ಉತ್ತರ ಪರೀಕ್ಷೆ ನಡೆಸುವವರಿಗೂ ಗೊತ್ತಿರದು. ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಮಾತ್ರ ತೀರಾ ನೀರಸ. ಸ್ಪೀಕರ್ ತಂತಿ ಸಿಕ್ಕಿಸುವ ಟರ್ಮಿನಲ್‌ಗೆ ವೋಲ್ಟ್‌ಮೀಟರ್ ಹಿಡಿದು 1000 ಹರ್ಟ್ಸ್ ಸ್ವರ ಹಾಕುವುದು. ಒಂದು ಆಂಪ್ಲಿಫೈಯರ್ 2.00 ವೋಲ್ಟ್ ತೋರಿಸಿದರೆ ಇನ್ನೊಂದು 2.02 ದಾಟಕೂಡದು, 1.98ಕ್ಕೆ ಇಳಿಯಕೂಡದು. ಅಂದರೆ 0.1 ಡೆಸಿಬಲ್‌ನೊಳಗಿನ ಹೊಂದಾಣಿಕೆ. ಕಿವಿಯನ್ನೇ ನಂಬಿ ನಾಬ್ ತಿರುಗಿಸಿದರೆ ಇಷ್ಟು ನಿಖರತೆ ಬರುವುದು ಕಷ್ಟ. ಹೀಗೆ ಸಮಮಾಡಿ ಕೂರಿಸಿದಾಗ, ಹಗಲು–ರಾತ್ರಿಯಷ್ಟು ವ್ಯತ್ಯಾಸವೆಂದು ಬಣ್ಣಿಸಲಾಗಿದ್ದ ಎಷ್ಟೋ ಆಂಪ್ಲಿಫೈಯರ್‌ಗಳನ್ನು ಬೇರ್ಪಡಿಸಿ ಗುರುತಿಸಲು ಕೇಳುಗರಿಗೆ ಆಗಲಿಲ್ಲ. ಹೈಫೈ ಭಕ್ತರಿಗೆ ಇದು ಇಂದಿಗೂ ರುಚಿಸದ ಸಂಗತಿ.

1982ರಲ್ಲೇ ಮಾರುಕಟ್ಟೆಗೆ ಬಂದ ಸಿಡಿ ಜೋರಿನ ಈ ಜಗಳವನ್ನು ಹಾಡಿನೊಳಕ್ಕೇ ತಂದಿತು. ಡಿಜಿಟಲ್‌ನಲ್ಲಿ ಏರುಮಟ್ಟಕ್ಕೊಂದು ಚಾವಣಿಯಿದೆ. ಚಾವಣಿ ಎತ್ತಲಾಗದು ಎಂದಾಗ ರೆಕಾರ್ಡ್ ಕಂಪನಿಗಳು ಮೆಲುದನಿಯ ಭಾಗಗಳನ್ನೇ ಮೇಲೆತ್ತತೊಡಗಿದವು. ಮೆಟಾಲಿಕಾ ಬ್ಯಾಂಡ್‌ನ ‘ಡೆತ್ ಮ್ಯಾಗ್ನೆಟಿಕ್’ ಆಲ್ಬಮ್ 2008ರಲ್ಲಿ ಬಂದಾಗ, ‘ಗಿಟಾರ್ ಹೀರೋ’ ವಿಡಿಯೊ ಗೇಮ್‌ನಲ್ಲಿ ಅದೇ ಹಾಡುಗಳು ಸಿಡಿಗಿಂತ ನಿರಾಳವಾಗಿವೆ ಎಂದು ಅಭಿಮಾನಿಗಳೇ ಪತ್ತೆಹಚ್ಚಿ ರಂಪ ಮಾಡಿದರು.

ಅಷ್ಟರಲ್ಲಿ ಅಳತೆಗೋಲು ಸಿದ್ಧವಾಗಿತ್ತು. 2006ರಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ತರಂಗದ ಶಿಖರವನ್ನಲ್ಲ, ಕಿವಿಗೆ ತಟ್ಟುವ ಜೋರನ್ನು ಅಂದಾಜಿಸುವ ವಿಧಾನ ಪ್ರಕಟಿಸಿತ್ತು. ಅದನ್ನೇ ಆಧರಿಸಿ 2010ರಲ್ಲಿ ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ ಆ ಜೋರಿನ ಮಾನವಾದ ಎಲ್‌ಯುಎಫ್‌ಎಸ್‌ನಲ್ಲಿ -23 ಎಂಬ ಗುರಿ ನಿಗದಿಪಡಿಸಿತು. ಕಿರುಚುವ ಟಿವಿ ಜಾಹೀರಾತುಗಳ ವಿರುದ್ಧ ಅಮೆರಿಕ ಕಾನೂನನ್ನೇ ಮಾಡಿತು. ಹಾಡುಗಳ ಸ್ಟ್ರೀಮಿಂಗ್ ಸೇವೆ ಸ್ಪಾಟಿಫೈಯ ಸಾಮಾನ್ಯ ಗುರಿ -14. ಅದಕ್ಕಿಂತ ಜೋರಾಗಿ ತಯಾರಾದ ಹಾಡನ್ನು ಅದು ತಾನೇ ತಗ್ಗಿಸಿ ನುಡಿಸುತ್ತದೆ.